ಸರಳ ಬದುಕಿನ ಹಂಬಲ ಮತ್ತು ನಮ್ಮ ಅಂತರಸಂತೆಯ ನೆಲ

ಶ್ರೀಮಠಕ್ಕೆ ಬರುವ ಸದ್ಭಕ್ತರ ಬಾಯಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದೇ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಬೆಂಗಳೂರು, ಮೈಸೂರುಗಳಲ್ಲಿ ಉದ್ಯೋಗದಲ್ಲಿರುವವರು ಅಮಾವಾಸ್ಯೆಗೋ ಜಾತ್ರೆಗೋ ಬಂದು, ಗದ್ದುಗೆಗೆ ನಮಿಸಿ, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ, ಅರಳಿಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತರೆ ಸಾಕು, ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಕಳೆದ ಕಾರ್ತಿಕದಲ್ಲಿ ಬಂದಿದ್ದ ಒಬ್ಬ ಭಕ್ತರು, ವಯಸ್ಸಿನಲ್ಲಿ ನಮಗಿಂತ ಹದಿನೈದು ವರ್ಷ ಕಿರಿಯರು, "ಸಾಕಾಗಿದೆ ಸ್ವಾಮಿ. ಹಿನ್ನೀರಿನ ದಡದಲ್ಲಿ ಎರಡು ಎಕರೆ ಕೊಡಿಸಿಕೊಡಿ. ಒಂದು ಹೆಂಚಿನ ಮನೆ, ಎರಡು ಹಸು, ರಾಗಿಮುದ್ದೆ. ಇಷ್ಟಿದ್ದರೆ ಬೇರೆ ಏನೂ ಬೇಡ" ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ಅದು ತೋರಿಕೆಯ ಮಾತಾಗಿರಲಿಲ್ಲ. ನಾವು ಆಗ ಸರಿಯಾದ ಉತ್ತರ ಕೊಡಲಾಗದೆ, ವಿಚಾರಿಸೋಣ ಎಂದು ಹೇಳಿ ಕಳುಹಿಸಿದೆವು. ಪೂಜ್ಯ ಗುರುಗಳಿಗೆ ಈ ಸಂಗತಿಯನ್ನು ಅರಿಕೆ ಮಾಡಿಕೊಂಡಾಗ, "ಅದನ್ನೇ ಬರೆಯಿರಿ" ಎಂದು ಅಪ್ಪಣೆ ಕೊಡಿಸಿದರು. ತಡವಾದ ಆ ಉತ್ತರವೇ ಈ ಬರಹ.

ಮೊದಲು, ಆ ಭಕ್ತರು ಹಂಬಲಿಸಿದ ನೆಲ ಯಾವುದು ಎಂಬುದನ್ನು ನೋಡಬೇಕು. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ದಾರಿಯಲ್ಲಿ ಹೆಗ್ಗಡದೇವನಕೋಟೆ ದಾಟಿದರೆ ಅಂತರಸಂತೆ. ಅಲ್ಲಿಂದ ಮುಂದೆ ಕಾರಾಪುರ, ದಮ್ಮನಕಟ್ಟೆ, ಕಾಕನಕೋಟೆಯ ಕಾಡು, ಬಾವಲಿ. ಒಂದು ಮಗ್ಗುಲಿಗೆ ಕಬಿನಿಯ ಹಿನ್ನೀರು, ಇನ್ನೊಂದು ಮಗ್ಗುಲಿಗೆ ನಾಗರಹೊಳೆಯ ಕಾಡು. ಬೇಸಿಗೆಯ ಸಂಜೆ ಹಿನ್ನೀರು ಇಳಿದಾಗ ಹಸಿರು ಹುಲ್ಲಿನ ಬಯಲಿಗೆ ಆನೆಗಳ ಹಿಂಡು ಇಳಿದು ಬರುವುದನ್ನು ನೋಡಲು ದೇಶ ವಿದೇಶಗಳಿಂದ ಜನ ಬರುತ್ತಾರೆ. ಇದನ್ನೇ ಮೂಲಪ್ರಕೃತಿ ಎಂದು ಹೊರಗಿನವರು ಭಾವಿಸುವುದು ಸಹಜ. ಆದರೆ ಆ ನೀರಿಗೆ ಇನ್ನೂ ಅರವತ್ತು ವರ್ಷವೂ ತುಂಬಿಲ್ಲ. ಬಿಚನಹಳ್ಳಿ, ಬಿದರಹಳ್ಳಿಗಳ ಬಳಿ ಕಟ್ಟಿದ ಕಬಿನಿ ಅಣೆಕಟ್ಟೆ ಪೂರ್ಣಗೊಂಡದ್ದು 1974ರಲ್ಲಿ. 2,284 ಅಡಿಯ ಮಟ್ಟ, 19.52 ಟಿಎಂಸಿ ನೀರು ಎಂಬ ಲೆಕ್ಕ ಪ್ರತಿ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತದೆ. ಆ ನೀರಿನ ಅಡಿಯಲ್ಲಿರುವ ಊರುಗಳ ಲೆಕ್ಕ ಬರುವುದಿಲ್ಲ.

ಅಲ್ಲಿ ಹೊಲಗಳಿದ್ದವು, ಗುಂಡುತೋಪುಗಳಿದ್ದವು, ಗುಡಿಗಳಿದ್ದವು. ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕಿತ್ತೂರು, ಶಾಸನಗಳ ಕೀರ್ತಿಪುರ, ಈ ಕಪಿನಿಯ ದಡದ್ದೇ. ಎರಡನೆಯ ಶತಮಾನದಲ್ಲಿ ಗ್ರೀಕ್ ಭೂಗೋಳಕಾರ ಟಾಲೆಮಿಯು ವೈಡೂರ್ಯಕ್ಕಾಗಿ ಹೆಸರಿಸಿದ ನಾಡು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮುಳುಗಿದ ಊರುಗಳಿಂದ ಎದ್ದುಬಂದ ನಮ್ಮ ಹಿರಿಯರು ಕೆಲವರು ಇಂದಿಗೂ ಹಿನ್ನೀರು ಇಳಿದಾಗ ದಡಕ್ಕೆ ಹೋಗಿ, ಇಲ್ಲಿ ನಮ್ಮ ಕಣ, ಅಲ್ಲಿ ನಮ್ಮ ಬಾವಿ ಎಂದು ಬೆರಳು ಮಾಡಿ ತೋರಿಸುತ್ತಾರೆ. ಭೀಮನಕೊಲ್ಲಿಯ ಮಹದೇಶ್ವರನಿಗೆ ಹಣ್ಣುಕಾಯಿ ಮಾಡಿಸಲು ಹೋದವರು ನೀರನ್ನು ನೋಡುತ್ತ ನಿಲ್ಲುವುದು ಬರಿಯ ಚೆಲುವಿಗಾಗಿ ಅಲ್ಲ. ಈ ನೀರಿನಿಂದ ಕೆಳಗಿನ ಬಯಲಿಗೆ ಭತ್ತ ಬಂದಿತು, ನಗರಗಳಿಗೆ ಕುಡಿಯುವ ನೀರು ಬಂದಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಒಬ್ಬರ ಹೊಲ ಮುಳುಗಿ ಇನ್ನೊಬ್ಬರ ಹೊಲ ನೆನೆಯಿತು, ಅಷ್ಟೇ.

ಕಾಡಿನ ಕಥೆಯೂ ಹೀಗೆಯೇ. ಮೈಸೂರು ಅರಸರ ಕಾಲದಲ್ಲಿ ಕಾಕನಕೋಟೆ ಹೆಸರಾಗಿದ್ದುದು ಖೆಡ್ಡಾಗಳಿಗೆ. ಕಾಡಾನೆಗಳನ್ನು ಕಬಿನಿಯ ಹೊಳೆಗೆ ಅಟ್ಟಿ ದಾಟಿಸಿ ಹಿಡಿಯುವ ಆ ಕಾರ್ಯದ ಕೊನೆಯ ಸುತ್ತು ನಡೆದದ್ದು 1971ರಲ್ಲಿ. ಅದರಲ್ಲಿ ಪ್ರಾಣ ಒತ್ತೆಯಿಟ್ಟು ದುಡಿದವರು ಜೇನುಕುರುಬರು, ಕಾಡುಕುರುಬರು. ಇಂದು ದಸರೆಯ ಆನೆಗಳ ಹೆಗಲ ಮೇಲೆ ಕುಳಿತು ಬರುವ ಮಾವುತ, ಕಾವಾಡಿಗರಲ್ಲಿ ಅನೇಕರು ಅದೇ ಮನೆತನಗಳವರು. ಮಾಸ್ತಿಯವರು 'ಕಾಕನಕೋಟೆ' ನಾಟಕದಲ್ಲಿ ಈ ಜನರನ್ನೂ ಅರಸೊತ್ತಿಗೆಯನ್ನೂ ಮುಖಾಮುಖಿ ನಿಲ್ಲಿಸಿದ್ದಾರೆ. 1977ರಲ್ಲಿ ಅದು ಚಲನಚಿತ್ರವೂ ಆಯಿತು. ಸ್ನಾತಕೋತ್ತರ ತರಗತಿಯಲ್ಲಿ ಆ ನಾಟಕ ಓದಿದಾಗ ನಮಗೆ ಅದು ನಮ್ಮ ಹೋಬಳಿಯ ಕಥೆ ಎಂಬ ಹೆಮ್ಮೆ ಇತ್ತು. ಆ ಹೋಬಳಿಯ ಹಾಡಿಗಳಿಗೆ ನಾವು ಎಷ್ಟು ಸಲ ಹೋಗಿದ್ದೆವು ಎಂದು ಕೇಳಿದ್ದರೆ ತಲೆ ತಗ್ಗಿಸಬೇಕಾಗುತ್ತಿತ್ತು.

ನಾಗರಹೊಳೆಯು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಬಂದಿತು. ಕಾಡಿನೊಳಗಿನ ಹಾಡಿಗಳಿಂದ ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರ, ಶೆಟ್ಟಹಳ್ಳಿ, ನಮ್ಮ ತಾಲ್ಲೂಕಿನ ಸೊಳ್ಳೆಪುರ ಮೊದಲಾದ ಪುನರ್ವಸತಿ ನೆಲೆಗಳಿಗೆ ಬಂದವು. ಕೆಲವರಿಗೆ ಜಮೀನು, ಮನೆ, ಮಕ್ಕಳಿಗೆ ಶಾಲೆ ದೊರೆತವು. ಕೆಲವರು ಕೊಡಗಿನ ಕಾಫಿ ತೋಟಗಳ ಕೂಲಿಯಾದರು. 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಹೋಗಿ, ಇದು ನಮ್ಮ ಹಿರಿಯರ ನೆಲ ಎಂದು ಗುಡಿಸಲು ಹಾಕಿದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ; ಅವರ ಅರ್ಜಿಗಳು ಇಂದಿಗೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಿವೆ. ಕಾಡಿನ ಬದುಕಿನ ಹಂಬಲ ಬೆಂಗಳೂರಿನವರಿಗೆ ಒಂದು ಬಗೆ, ಅದೇ ಕಾಡಿನಲ್ಲಿ ಹುಟ್ಟಿದವರಿಗೆ ಇನ್ನೊಂದು ಬಗೆ. ಮೊದಲನೆಯವರು ಹಣ ಕೊಟ್ಟು ಕಾಡಿನ ಅಂಚಿನಲ್ಲಿ ಎರಡು ರಾತ್ರಿ ಇರಬಹುದು. ಎರಡನೆಯವರು ಅರ್ಜಿ ಕೊಟ್ಟು ಕಾಯಬೇಕು. ಯಾವ ಹಂಬಲಕ್ಕೆ ಬೆಲೆ ಹೆಚ್ಚು ಎಂಬುದನ್ನು ಓದುಗರೇ ಯೋಚಿಸಲಿ.

ಈ ಜನರ ಬದುಕಿನಲ್ಲಿ ನಾವು ಕಲಿಯಬೇಕಾದುದು ಗುಡಿಸಲಲ್ಲ, ಅಳತೆ. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಎಂದು ಜೇನಿನಲ್ಲಿ ನಾಲ್ಕು ಬಗೆಯನ್ನು ಅವರು ಹೇಳುತ್ತಾರೆ. ಹೆಜ್ಜೇನು ಎತ್ತರದ ಮರಗಳ ಕೊಂಬೆಗೆ ಹುಟ್ಟು ಕಟ್ಟುತ್ತದೆ. ಬೇಸಿಗೆಯ ಕೊನೆಯಲ್ಲಿ, ಕತ್ತಲಿನ ರಾತ್ರಿಯಲ್ಲಿ, ಸೊಪ್ಪಿನ ಹೊಗೆ ಹಿಡಿದು ಮರವೇರಿ ಅದನ್ನು ಇಳಿಸುತ್ತಾರೆ. ಒಂದು ಮರದಲ್ಲಿ ಹತ್ತಾರು ಹುಟ್ಟುಗಳಿದ್ದರೆ ಎಲ್ಲವನ್ನೂ ಇಳಿಸದೆ ಕೆಲವನ್ನು ಬಿಟ್ಟು ಬರುವುದು ಹಿರಿಯರ ವಾಡಿಕೆ. ಕಾಡುಗೆಣಸು ಅಗೆದಾಗ ಬೇಕಾದ ಗೆಡ್ಡೆಯನ್ನು ತೆಗೆದುಕೊಂಡು, ಬಳ್ಳಿಯ ಬುಡವನ್ನು ಮತ್ತೆ ಅದೇ ಗುಂಡಿಗೆ ಇಟ್ಟು ಮಣ್ಣು ಮುಚ್ಚುತ್ತಾರೆ. ಇದಕ್ಕೆ ಅವರು ಯಾವ ದೊಡ್ಡ ಹೆಸರನ್ನೂ ಕೊಟ್ಟಿಲ್ಲ. ಮುಂದಿನ ವರ್ಷ ಬಂದಾಗ ಬೇಕಲ್ಲ ಎನ್ನುತ್ತಾರೆ.

ಈ ಮಾತು ಕೇಳಿದಾಗ ಶರಣರ ಕಥೆ ಬಲ್ಲ ಯಾರಿಗಾದರೂ ಆಯ್ದಕ್ಕಿ ಲಕ್ಕಮ್ಮ ತಾಯಿಯ ನೆನಪಾಗದೆ ಇರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾರಯ್ಯನವರ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದರಿಂದ ಜಂಗಮ ದಾಸೋಹ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಒಲೆಯ ಮೇಲೆ ಏರಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ, ಪ್ರವಚನಗಳಲ್ಲಿ ಹೇಳಿಯೂ ಇದ್ದೇವೆ. ಆದರೆ ಒಂದು ಸೂಕ್ಷ್ಮವನ್ನು ಗಮನಿಸುವುದು ಕಡಿಮೆ. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದಲ್ಲ, ನೆಲಕ್ಕೆ ಬಿದ್ದದ್ದು. ಯಾರಿಗೂ ನಷ್ಟವಿರಲಿಲ್ಲ. ಆದರೂ ಹೆಚ್ಚು ಎನ್ನುವುದೇ ದೋಷವಾಯಿತು. ತಾಯಿಯು ಗಂಡನಿಗೆ ಬಡತನವನ್ನು ಬೋಧಿಸಲಿಲ್ಲ, ಇಂದಿನ ದಾಸೋಹಕ್ಕೆ ಬೇಕಾದಷ್ಟನ್ನು ತಂದರೆ ಸಾಕೆಂದರು. ಕೆಲವು ಮನೆಗಳಲ್ಲಿ ಹಿರಿಯರು ಇಂದಿಗೂ ಪ್ರಸಾದ ಮುಗಿದ ಮೇಲೆ ತಟ್ಟೆ ತೊಳೆದು ಆ ನೀರನ್ನು ಕುಡಿಯುತ್ತಾರಲ್ಲ, ಅದರ ಬೇರು ಇಲ್ಲಿದೆ. ಹೊಸಬರಿಗೆ ಅದು ಮುಜುಗರವೆನಿಸಬಹುದು. ಬಡಿಸುವಾಗಲೇ ಕೈ ಅಡ್ಡ ಹಿಡಿಯುವುದನ್ನು ಅದು ಕಲಿಸುತ್ತದೆ.

ಮಲೆಯ ಮಹದೇಶ್ವರನ ಕಥೆಯಲ್ಲಿಯೂ ಇಂಥದೊಂದು ಘಟ್ಟವಿದೆ. ಸುತ್ತೂರು ಮಠಕ್ಕೆ ಬಂದ ಮಹದೇಶ್ವರನಿಗೆ ದೊರೆತ ಕಾಯಕ ರಾಗಿ ಬೀಸುವುದೆಂದು ಕಂಸಾಳೆಯವರು ಹಾಡುತ್ತಾರೆ. ನಮ್ಮ ಸೀಮೆಯ ದೇವರೂ ಬೀಸುವ ಕಲ್ಲಿನ ಮುಂದೆ ಕೂರದೆ ದೇವರಾಗಲಿಲ್ಲ.

ಇನ್ನು ನಮ್ಮ ಹೊಲಗಳ ಮಾತು. ನಾವು ಚಿಕ್ಕವರಿದ್ದಾಗ ಅಂತರಸಂತೆಯ ಸುತ್ತಿನ ಖುಷ್ಕಿಯಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ಮುಂಗಾರು ಹದವಾದ ಮೇಲೆ ಕೂರಿಗೆ ಹೂಡಿದರೆ, ರಾಗಿಯ ಆರೇಳು ಸಾಲಿಗೆ ಒಂದು ಅಕ್ಕಡಿ ಸಾಲು. ಕೂರಿಗೆಯ ಹಿಂದೆ ಸಡ್ಡೆ ಹಿಡಿದ ಹೆಂಗಸರು ಆ ಸಾಲಿಗೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಒಂದಿಷ್ಟು ಸಾಸಿವೆಯನ್ನು ಬಿಡುತ್ತಿದ್ದರು. ಹೊಲದ ಅಂಚಿಗೆ ಹರಳು. ನೋಡುವವರಿಗೆ ಇದು ಗೊಂದಲ, ಬಲ್ಲವರಿಗೆ ಲೆಕ್ಕ. ಅವರೆ, ತೊಗರಿಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುತ್ತವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಎತ್ತರದ ಜೋಳದ ದಂಟಿನ ಮೇಲೆ ಕೂರುವ ಹಕ್ಕಿ ಕೆಳಗಿನ ಹುಳುವನ್ನು ಹೆಕ್ಕುತ್ತದೆ. ಮಳೆ ಬೇಗ ಹೋದರೆ ರಾಗಿ ಸೊರಗಬಹುದು, ಆದರೆ ಅವರೆ ಪುಷ್ಯದ ಇಬ್ಬನಿಯಲ್ಲಿಯೇ ಕಾಯಿ ಕಟ್ಟುತ್ತದೆ. ಎಲ್ಲ ಬೆಳೆಯೂ ಒಟ್ಟಿಗೆ ಕೈಕೊಡುವ ವರ್ಷ ಅಪರೂಪ. ಮುದ್ದೆಗೆ ರಾಗಿ, ಸಾರಿಗೆ ಕಾಳು, ಒಗ್ಗರಣೆಗೆ ಸಾಸಿವೆ, ಎಣ್ಣೆಗೆ ಹುಚ್ಚೆಳ್ಳು, ದೀಪಕ್ಕೆ ಹರಳು, ದನಕ್ಕೆ ರಾಗಿಹುಲ್ಲು: ಒಂದು ಮನೆಯ ವರ್ಷವೆಲ್ಲ ಒಂದೇ ಹೊಲದಲ್ಲಿ ಇರುತ್ತಿತ್ತು. ಅಂಗಡಿಯಿಂದ ಬರಬೇಕಾದದ್ದು ಉಪ್ಪು, ಬೆಲ್ಲ, ಸೀಮೆಎಣ್ಣೆ.

ಕಣದ ಕೆಲಸ ಮುಗಿದ ಮೇಲೆ ರಾಗಿ ಹಗೇವಿಗೆ ಇಳಿಯುತ್ತಿತ್ತು. ನೆಲದೊಳಗಿನ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಹುಳು ಬೀಳದೆ ಇರುತ್ತದೆ. ಹಗೇವು ತೆಗೆದ ದಿನ ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ. ನಮ್ಮ ಅಜ್ಜಿಯವರು ಆ ದೀಪವನ್ನು ನೋಡುತ್ತ ಪಂಚಾಕ್ಷರಿ ಜಪಿಸುತ್ತಿದ್ದುದು ನೆನಪಿದೆ. ಈಗ ಊರಿನ ಹಗೇವುಗಳೆಲ್ಲ ಮುಚ್ಚಿವೆ. ಒಂದರ ಮೇಲೆ ಬಸ್ಸಿನ ತಂಗುದಾಣವಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅದು ಅಸತ್ಯವಾದೀತು. ಆ ಬದುಕು ಸರಳವಾಗಿತ್ತು, ಸುಲಭವಾಗಿರಲಿಲ್ಲ. ಮನೆಯ ಹೆಂಗಸರು ಕೋಳಿ ಕೂಗುವ ಮೊದಲೇ ಎದ್ದು ಬೀಸಬೇಕಿತ್ತು. ತೆನೆ ಕಟ್ಟಿದ ಹೊಲಕ್ಕೆ ಆನೆ, ಹಂದಿ ಇಳಿಯದಂತೆ ಗಂಡಸರು ಚಳಿಯಲ್ಲಿ ಅಟ್ಟಣೆಯ ಮೇಲೆ ರಾತ್ರಿ ಕಳೆಯಬೇಕಿತ್ತು. ಹೆರಿಗೆಯಲ್ಲಿ ತಾಯಂದಿರು ಹೋಗುತ್ತಿದ್ದರು, ಜ್ವರದಲ್ಲಿ ಮಕ್ಕಳು ಹೋಗುತ್ತಿದ್ದರು. 1984ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ಯುವ ಚಳವಳಿಯ ತರುಣ ವೈದ್ಯರು ಕೆಂಚನಹಳ್ಳಿಯಲ್ಲಿ, ಬಳಿಕ ಸರಗೂರಿನಲ್ಲಿ ಆಸ್ಪತ್ರೆ ಕಟ್ಟುವ ಮುನ್ನ ಹಾಡಿಗಳ ರೋಗಿಗಳಿಗೆ ಮೈಸೂರೇ ಗತಿಯಾಗಿತ್ತು. ಕಣದಲ್ಲಿ ಬಡಗಿ, ಕಮ್ಮಾರ, ಮಡಿವಾಳ, ಕ್ಷೌರಿಕರಿಗೆ ಆಯ ಅಳೆದು ಕೊಡುವ ಪದ್ಧತಿಯನ್ನು ಈಗ ಬಹಳ ಕೊಂಡಾಡುತ್ತಾರೆ. ಅಳೆಯುವವನ ಕೈ ಮೇಲೆ, ಸೆರಗೊಡ್ಡುವವನ ಕೈ ಕೆಳಗೆ ಇತ್ತು ಎಂಬುದನ್ನು ಬಸವಣ್ಣನವರ ಹೆಸರು ಹೇಳುವ ನಾವು ಮರೆಯಲಾಗದು. ಹಿಂದಿನದೆಲ್ಲ ಚಿನ್ನ ಎಂಬ ಮಾತಿಗೆ ಶ್ರೀಮಠ ಎಂದೂ ಒಪ್ಪಿಗೆ ಕೊಟ್ಟಿಲ್ಲ.

ಹಾಗಾದರೆ ಅಕ್ಕಡಿ ಹೊಲ ಹೋದದ್ದು ಹೇಗೆ? ಯಾರೋ ಬಂದು ಕಿತ್ತುಕೊಳ್ಳಲಿಲ್ಲ. ನಾವೇ ಕೊಟ್ಟೆವು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಸೀಮೆಗೆ ವರ್ಜೀನಿಯಾ ಹೊಗೆಸೊಪ್ಪು ಬಂದಿತು. 1984ರಿಂದ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾಯಿತು. ಮಳೆಯಾಶ್ರಿತ ತೆಳು ಮಣ್ಣಿನಲ್ಲಿ ಬರುವ, ಕೈಗೆ ಒಟ್ಟಿಗೆ ಹಣ ಕೊಡುವ ಬೆಳೆ ಇದೊಂದೇ ಎಂದು ರೈತರು ಹೇಳಿದರೆ ಅದು ಸುಳ್ಳಲ್ಲ. ಆದರೆ ಹಸಿಸೊಪ್ಪನ್ನು ಬ್ಯಾರನ್ನಿನಲ್ಲಿ ಕಟ್ಟಿ ಐದಾರು ದಿನ ಹಗಲಿರುಳು ಬೆಂಕಿ ಕೊಟ್ಟು ಹದಮಾಡಬೇಕು. ಒಂದು ಕಿಲೋ ಹದಗೊಂಡ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಕು. ಸಾವಿರ ಕಿಲೋ ಮಾರಿದವನು ನಾಲ್ಕೈದು ಟನ್ ಮರ ಸುಟ್ಟಿರುತ್ತಾನೆ. ಗುಂಡುತೋಪುಗಳು ಹೋದವು, ಹೊಲದ ಬದುವಿನ ಮರಗಳು ಹೋದವು. ಮೋಳಿಗೆಯ ಮಾರಯ್ಯ ಶರಣರೂ ಕಾಡಿನ ಸೌದೆಯನ್ನೇ ಕಡಿದು ಮಾರಿ ದಾಸೋಹ ನಡೆಸಿದವರು. ಅವರದು ತಲೆಹೊರೆ, ತಲೆ ಹೊರುವಷ್ಟೇ ಅದರ ಮಿತಿ. ಲಾರಿಗೆ ಅಂಥ ಮಿತಿಯಿಲ್ಲ.

ಈ ಮಾತನ್ನು ನಾವು ದೂರ ನಿಂತು ಹೇಳುತ್ತಿಲ್ಲ. ನಮ್ಮ ತಂದೆಯವರ ಹೊಲದಲ್ಲಿಯೂ ಬ್ಯಾರನ್ ಇತ್ತು. ಮಾನಸಗಂಗೋತ್ರಿಯಲ್ಲಿ ನಾವು ಕನ್ನಡ ಎಂ.ಎ. ಓದಿದ ಶುಲ್ಕ, ಹಾಸ್ಟೆಲ್ಲಿನ ಖರ್ಚು ಆ ಹೊಗೆಯಿಂದ ಬಂದವು. ಹದದ ರಾತ್ರಿಗಳಲ್ಲಿ ಒಲೆಗೆ ಸೌದೆ ನೂಕಿ, ಅದೇ ಬೆಳಕಿನಲ್ಲಿ ವಚನಗಳ ಪುಟ ತಿರುವಿದ್ದೇವೆ. ಲಕ್ಕಮ್ಮನವರ ಕಥೆಯನ್ನು ಪರೀಕ್ಷೆಗಾಗಿ ಬರೆದಿದ್ದೇವೆ, ಅಂಕವೂ ಚೆನ್ನಾಗಿ ಬಂದಿತ್ತು. ಆ ಒಲೆಗೆ ಬಿದ್ದ ಕೊನೆಯ ಮರ ಅಜ್ಜ ನೆಟ್ಟ ಹೊಂಗೆ. ತಂದೆಯವರು ಅದನ್ನು ಕಡಿಸಿದ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಬ್ಯಾರನ್ನಿಗೆ ಬೆಂಕಿ ಹಾಕಿದರು. ಹೊಗೆಸೊಪ್ಪು ಬೆಳೆಯುವ ಭಕ್ತರನ್ನು ಕಟಕಟೆಗೆ ನಿಲ್ಲಿಸುವ ಹಕ್ಕು ನಮಗಿಲ್ಲ. ಬೇರೆ ಬೆಳೆಗೆ ಹೊರಳಬೇಕೆಂದವರಿಗೆ ಬೆಲೆಯ ಭರವಸೆ ಬೇಕು. ಬರಿಯ ಉಪದೇಶದಿಂದ ಬ್ಯಾರನ್ ಆರುವುದಿಲ್ಲ.

ಕಾಡಂಚಿನ ಬದುಕಿನಲ್ಲಿ ಈಚೆಗೆ ಭಯವೂ ಸೇರಿಕೊಂಡಿದೆ. ಆನೆ ಕಂದಕ, ರೈಲ್ವೆ ಕಂಬಿಯ ತಡೆಗೋಡೆ, ಸೌರಬೇಲಿ ಎಲ್ಲ ಇದ್ದರೂ ಪ್ರಾಣಿಗಳು ಹೊರಗೆ ಬರುತ್ತಿವೆ. 2025ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಪಕ್ಕದ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಬೇಕಾಯಿತು. ಆ ದಿನಗಳಲ್ಲಿ ನಮ್ಮ ಹೋಬಳಿಯ ತಾಯಂದಿರು ಮಕ್ಕಳನ್ನು ಶಾಲೆಗೆ ಕಳುಹಿಸಲು ಹೆದರಿದರು. ಎರಡು ಎಕರೆ, ಹೆಂಚಿನ ಮನೆ, ಎರಡು ಹಸು ಎಂದು ಕೇಳಿದ ಭಕ್ತರು ಇದನ್ನೂ ತಿಳಿದಿರಬೇಕು. ಹಸು ಕಟ್ಟಿದ ಮನೆಗೆ ಇಲ್ಲಿ ರಾತ್ರಿ ನಿದ್ದೆ ಕಡಿಮೆ.

ಆ ಭಕ್ತರಿಗೆ ನಾವು ಈಗ ಹೇಳುವುದು ಇಷ್ಟು. ಹಿನ್ನೀರಿನ ದಡದ ಜಮೀನನ್ನು ನಾವು ಕೊಡಿಸಲಾರೆವು. ಅಂಥ ಒಂದೊಂದು ಎಕರೆ ಹೊರಗಿನವರ ಕೈಗೆ ಹೋದಾಗ ಬೆಲೆ ಏರಿ, ಊರಿನ ಹುಡುಗನೊಬ್ಬ ಹೊಲ ಮಾರಿ ನಗರದಲ್ಲಿ ಕಾವಲುಗಾರನಾಗುತ್ತಾನೆ. ನೀವು ಬಿಟ್ಟು ಬರಲು ಹಂಬಲಿಸುವ ನಗರಕ್ಕೇ ಅವನು ಹೋಗಿ ಸೇರುತ್ತಾನೆ. ನಿಮ್ಮ ತಂದೆಯವರ ಪಾಲಿನ ಹೊಲ ಊರಿನಲ್ಲಿಯೇ ಬೀಳು ಬಿದ್ದಿದೆಯಲ್ಲ, ಮೊದಲು ಅದಕ್ಕೆ ನೇಗಿಲು ಹೂಡಿಸಿ. ರಾಗಿಗೆ ಈಗ ಬೆಂಬಲ ಬೆಲೆಯಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ತಂದ ಕಾಲದಿಂದ ಇಳುವರಿಯೂ ಏರಿದೆ. ಅಜ್ಜನ ಕಾಲದ ಬಡತನಕ್ಕೆ ಮರಳದೆಯೂ ಅಜ್ಜನ ಸಾಲುಗಳನ್ನು ಬಿತ್ತಬಹುದು. ಅಷ್ಟಾಗದಿದ್ದರೆ ಬೆಂಗಳೂರಿನ ಮನೆಯಲ್ಲಿಯೇ ಲಕ್ಕಮ್ಮ ತಾಯಿಯ ಅಳತೆಯನ್ನು ಇಟ್ಟುಕೊಳ್ಳಬಹುದು. ಅದಕ್ಕೆ ಜಮೀನು ಬೇಕಿಲ್ಲ.

ಶ್ರೀಮಠದ ಕಡೆಯಿಂದಲೂ ತಪ್ಪಿದೆ. ಕಳೆದ ಜಾತ್ರೆಯ ದಾಸೋಹದಲ್ಲಿ ಪ್ಲಾಸ್ಟಿಕ್ ಲೇಪದ ತಟ್ಟೆಗಳನ್ನು ತರಿಸಿದ್ದು ನಮ್ಮದೇ ತೀರ್ಮಾನ. ಮಾರನೆಯ ದಿನ ಅವು ಗಾಳಿಗೆ ಹಾರಿ ಕೆರೆಯ ಏರಿಯವರೆಗೆ ಹರಡಿದ್ದನ್ನು ಗುರುಗಳು ಸ್ವತಃ ಆಯ್ದರು. ಯಾರನ್ನೂ ಗದರಲಿಲ್ಲ. ಈ ಸಲ ಮುತ್ತುಗದ ಎಲೆ ಹಚ್ಚುವ ಕಾಯಕಕ್ಕೆ ಹಾಡಿಯ ಕುಟುಂಬಗಳೊಡನೆ ಮಾತಾಗಿದೆ, ಅವರು ಕೇಳಿದ ಬೆಲೆಗೇ. ಮಠದ ಮೂರು ಎಕರೆ ಖುಷ್ಕಿಯಲ್ಲಿ ಬರುವ ಮುಂಗಾರಿಗೆ ರಾಗಿಯ ಜೊತೆ ಅಕ್ಕಡಿ ಬಿತ್ತಲು ಗುರುಗಳ ಅಪ್ಪಣೆಯಾಗಿದೆ. ಸೊಗಡವರೆ, ತೊಗರಿ, ಹುಚ್ಚೆಳ್ಳು ಬೀಜ ಸಿಕ್ಕಿದೆ. ಹಳೆಯ ಅಲಸಂದೆಯ ಬೀಜ ಮಾತ್ರ ಇನ್ನೂ ಸಿಕ್ಕಿಲ್ಲ. ಯಾವ ಭಕ್ತರ ಮನೆಯ ಗಡಿಗೆಯಲ್ಲಾದರೂ, ಬೂದಿ ಬೆರೆಸಿಟ್ಟದ್ದು ಉಳಿದಿದ್ದರೆ, ಒಂದು ಸೇರಿನಷ್ಟನ್ನು ಯುಗಾದಿಯೊಳಗೆ ಮಠದ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಸಡ್ಡೆ ಹಿಡಿಯಲು ಬಲ್ಲ ತಾಯಂದಿರು ಊರಿನಲ್ಲಿ ಇನ್ನು ಮೂವರೇ ಇದ್ದಾರೆ. ಬಿತ್ತನೆಯ ದಿನ ಅವರು ಬರುತ್ತಾರೆ. ಕಲಿಯಲು ಇಚ್ಛೆಯುಳ್ಳವರು ಬೆಳಗ್ಗೆ ಆರು ಗಂಟೆಗೆ ಹೊಲದಲ್ಲಿರಬೇಕು.